15 ಎಚ್‌ಪಿ ಔಟ್‌ಬೋರ್ಡ್, ಮೂರು ಜನ ಕೂತರೆ ದೋಣಿ ಮೇಲೇಳುವುದೇ ಇಲ್ಲ. ಫ್ಯಾನ್ (ಪ್ರೊಪೆಲ್ಲರ್) ಬದಲಿಸಬೇಕಾ, ಇಂಜಿನ್ನೇ ಬದಲಿಸಬೇಕಾ?

ಬೆಂಗ್ರೆಗಾಳ

ಎಲ್ಲರಿಗೂ ನಮಸ್ಕಾರ. ನಾನು ಕೋಡಿಬೆಂಗ್ರೆ ಕಡೆಯವನು. 16 ಅಡಿಯ ಒಂದು ಫೈಬರ್ ದೋಣಿ ಉಂಟು, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಹಿಂಬದಿಗೆ ಕಟ್ಟಿರುವ ಇಂಜಿನ್ 15 ಎಚ್‌ಪಿ ಯಮಹಾ ಎಂಡ್ಯೂರೋ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಲಾಂಗ್ ಶಾಫ್ಟ್ (ಉದ್ದ ಕಾಲಿನದ್ದು), ಪೆಟ್ರೋಲಿನದ್ದು. ಇಂಜಿನ್ ಬಗ್ಗೆ ನನ್ನದೇನೂ ದೂರಿಲ್ಲ, ಎಳೆದ ಕೂಡಲೇ ಸ್ಟಾರ್ಟ್ ಆಗುತ್ತದೆ. ಮೀನುಗಾರಿಕೆ ನನ್ನ ಹೊಟ್ಟೆಪಾಡಲ್ಲ. ರಜೆ ಇದ್ದಾಗ ಸುವರ್ಣಾ ಹೊಳೆಯಲ್ಲಿ, ಸಮುದ್ರ ಶಾಂತವಾಗಿದ್ದರೆ ಅಳಿವೆ ದಾಟಿ ಸ್ವಲ್ಪ ಹೊರಗೆ, ಗಾಳ ಹಾಕಲಿಕ್ಕೆ ಹೋಗುವುದು. ಕಾಣೆಯೋ ಕೆಂಬೇರಿಯೋ ಸಿಕ್ಕಿದರೆ ಆಯ್ತು.

ಸಮಸ್ಯೆ ಏನೆಂದರೆ, ಒಬ್ಬನೇ ಹೋದರೆ ದೋಣಿ ಚೆನ್ನಾಗಿ ಮೇಲೆದ್ದು ನೀರಿನ ಮೇಲೆ ಜಾರಿಕೊಂಡು ಓಡುತ್ತದೆ, ಫೋನಿನ ಜಿಪಿಎಸ್‌ನಲ್ಲಿ ಗಂಟೆಗೆ 31 ಕಿಮೀ ತೋರಿಸುತ್ತದೆ. ಇನ್ನಿಬ್ಬರು ಹತ್ತಿದರೆ, ಜೊತೆಗೆ ಐಸ್ ಪೆಟ್ಟಿಗೆ ಬೇರೆ, ಮೂತಿ ಆಕಾಶ ನೋಡುತ್ತದೆ, ಹಿಂಬದಿ ನೀರಲ್ಲಿ ಕುಸಿದು ಕೂರುತ್ತದೆ, ಫುಲ್ ಥ್ರಾಟಲ್ ಕೊಟ್ಟರೂ 16ರ ಮೇಲೆ ಹೋಗುವುದಿಲ್ಲ, ಪೆಟ್ರೋಲ್ ಮಾತ್ರ ಕುಡಿಯುತ್ತಾ ಇರುತ್ತದೆ. ಇನ್ನೊಂದು, ಜೋರಾಗಿ ತಿರುಗಿಸಿದಾಗ ಇಂಜಿನ್ ಒಮ್ಮೆಲೇ ಕಿರುಚುತ್ತದೆ, ದೋಣಿ ನಿಂತ ಹಾಗೆ ಆಗುತ್ತದೆ, ಥ್ರಾಟಲ್ ಇಳಿಸಿದರೆ ಮತ್ತೆ ಹಿಡಿಯುತ್ತದೆ.

ದಕ್ಕೆಯಲ್ಲಿ ಕೇಳಿದರೆ ಒಬ್ಬೊಬ್ಬರದ್ದು ಒಂದೊಂದು ಮಾತು. ಒಬ್ಬರು 25 ಎಚ್‌ಪಿ ಹಾಕಿ ಎನ್ನುತ್ತಾರೆ. ಇನ್ನೊಬ್ಬರು ದೊಡ್ಡ ಪಿಚ್‌ನ, ಅಂದರೆ ಒಂದು ಸುತ್ತಿಗೆ ಜಾಸ್ತಿ ಮುಂದೆ ಹೋಗುವ, ಫ್ಯಾನ್ ಹಾಕಿದರೆ ಸ್ಪೀಡ್ ಬರುತ್ತದೆ ಎನ್ನುತ್ತಾರೆ. ಈಗ ಇರುವ ಫ್ಯಾನಿನ ಮೇಲೆ 9¼ × 10½ ಎಂದು ಬರೆದಿದೆ, ಅಂದರೆ ಅಗಲ 9¼ ಇಂಚು, ಪಿಚ್ 10½ ಇಂಚು. ಎಲ್ಲಿಂದ ಶುರು ಮಾಡುವುದು? ದುಡ್ಡು ಸುಮ್ನೆ ನೀರಿಗೆ ಹಾಕುವ ಮನಸ್ಸಿಲ್ಲ.

ಮಲ್ಪೆ ಮೆಕ್ಯಾನಿಕ್

ಮೊದಲ ಮಾತು, ಸದ್ಯಕ್ಕೆ ಏನೂ ಖರೀದಿ ಮಾಡಬೇಡಿ. ಅಲ್ಲ, ಒಂದೇ ಒಂದು ಖರೀದಿ ಮಾಡಿ: ಆರ್‌ಪಿಎಂ ಮೀಟರ್. ಪ್ಲಗ್ಗಿನ ವೈರಿಗೆ ತಂತಿ ಸುತ್ತುವ ಚಿಕ್ಕದು ಬರುತ್ತದಲ್ವಾ, ಆನ್‌ಲೈನಲ್ಲಿ ಸಿಗುತ್ತದೆ, ಅದು ಸಾಕು. ಒಂದು ಸುತ್ತಿಗೆ ಎಷ್ಟು ಕಿಡಿ ಎಂಬ ಸೆಟ್ಟಿಂಗ್ ಅದರಲ್ಲಿ ಇರುತ್ತದೆ. ಅದು ತಪ್ಪಿದರೆ ಅರ್ಧವೋ ಎರಡರಷ್ಟೋ ತೋರಿಸುತ್ತದೆ, ಹಾಗಾಗಿ ನ್ಯೂಟ್ರಲ್‌ನಲ್ಲಿ ಐಡಲ್ ಎಷ್ಟು ತೋರಿಸುತ್ತದೆ ಎಂದು ನೋಡಿಕೊಂಡು ಹೊರಡಿ.

ನಿಮ್ಮ ಇಂಜಿನ್ ಫುಲ್ ಥ್ರಾಟಲ್‌ನಲ್ಲಿ 4500ರಿಂದ 5500 ಆರ್‌ಪಿಎಂ ನಡುವೆ ತಿರುಗಬೇಕು. ನಿಮ್ಮ ಮ್ಯಾನುವಲ್ಲಿನಲ್ಲೂ ಒಮ್ಮೆ ನೋಡಿಕೊಳ್ಳಿ. ಒಬ್ಬರೇ ಇದ್ದಾಗ ಎಷ್ಟು ಬರುತ್ತದೆ ಎನ್ನುವುದು ಆಮೇಲಿನ ಮಾತು. ನೀವು ದಿನಾ ಹೊರುವ ಭಾರ ಹಾಕಿಕೊಂಡು, ಅಂದರೆ ಮೂರು ಜನ, ತುಂಬಿದ ಟ್ಯಾಂಕ್, ಐಸ್ ಪೆಟ್ಟಿಗೆ ಎಲ್ಲಾ ಇಟ್ಟುಕೊಂಡು ನೋಡಿ. ಆಗ 4500 ಮುಟ್ಟದಿದ್ದರೆ ಇಂಜಿನ್ನಿಗೆ ಫ್ಯಾನ್ ಭಾರ ಆಗಿದೆ ಎಂದು ಲೆಕ್ಕ. ಇದು ಬರೀ ಸ್ಪೀಡಿನ ಮಾತಲ್ಲ. ಹಾಗೆ ಉಸಿರುಗಟ್ಟಿಸಿ ಓಡಿಸಿದರೆ ಕಾರ್ಬನ್ ಕಟ್ಟುತ್ತದೆ, ಪಿಸ್ಟನ್ ಕಾಯುತ್ತದೆ, ರಿಂಗ್ ಹಿಡಿಯುತ್ತದೆ. ಸ್ಪೀಡ್ ಬೇಕೆಂದು ಇನ್ನೂ ದೊಡ್ಡ ಪಿಚ್ ಹಾಕುವುದೆಂದರೆ ಆಗುಂಬೆ ಘಾಟಿಯನ್ನು ಟಾಪ್ ಗೇರಲ್ಲಿ ಹತ್ತಲು ಹೊರಟ ಹಾಗೆ.

ಮೀಟರ್ ಬರುವ ತನಕ ದಡದಲ್ಲೇ ಮಾಡುವ ಕೆಲಸ ಕೆಲವು ಉಂಟು. ಇಂಜಿನ್ ಆಫ್ ಇಟ್ಟು ಮುಚ್ಚಳ ತೆಗೆಯಿರಿ. ಒಬ್ಬರು ಹಿಡಿಯನ್ನು ಫುಲ್ ತಿರುಗಿಸಿ ಹಿಡಿಯಲಿ, ನೀವು ಕಾರ್ಬುರೇಟರ್ ನೋಡಿ, ಬಟರ್‌ಫ್ಲೈ ಪೂರ್ತಿ ತೆರೆಯುತ್ತದಾ ಎಂದು. ಕೇಬಲ್ ಸಡಿಲ ಆಗಿ ಮುಕ್ಕಾಲೇ ತೆರೆಯುವ ಇಂಜಿನ್‌ಗಳು ನಮ್ಮಲ್ಲಿಗೆ ಎಷ್ಟೋ ಬರುತ್ತವೆ, ಮಾಲೀಕರು ಮಾತ್ರ ಹೊಸ ಇಂಜಿನ್ನಿನ ರೇಟು ಕೇಳುತ್ತಾ ಬಂದಿರುತ್ತಾರೆ. ಪ್ಲಗ್ ತೆಗೆದು ನೋಡಿ, ನಿಮ್ಮದಕ್ಕೆ ಎನ್‌ಜಿಕೆ ಬಿ7ಎಚ್‌ಎಸ್-10, ಗ್ಯಾಪ್ 1 ಮಿಮೀ. ಎರಡೂ ಒಂದೇ ಬಣ್ಣ ಇರಬೇಕು. ಒಂದು ಕಂದು, ಇನ್ನೊಂದು ಕಪ್ಪಗೆ ಒದ್ದೆಯಾಗಿದ್ದರೆ ನಿಮ್ಮ ಕಥೆ ಬೇರೆ, ಅರ್ಧ ಇಂಜಿನ್ನಿನಲ್ಲಿ ಓಡುತ್ತಿದ್ದೀರಿ.

ಆಮೇಲೆ ಎತ್ತರ. ಉದ್ದದ ನೇರವಾದ ಒಂದು ಪಟ್ಟಿ ತೆಗೆದುಕೊಂಡು ದೋಣಿಯ ತಳಕ್ಕೆ ಒತ್ತಿ ಹಿಂದಕ್ಕೆ ಇಂಜಿನ್ನಿನ ತನಕ ಚಾಚಿ. ಫ್ಯಾನಿನ ಮೇಲೆ ಅಡ್ಡ ಇರುವ ಕ್ಯಾವಿಟೇಶನ್ ಪ್ಲೇಟು ಆ ಪಟ್ಟಿಗಿಂತ ಎಷ್ಟು ಕೆಳಗೆ ಅಥವಾ ಮೇಲೆ ಉಂಟು ಎಂದು ಅಳೆಯಿರಿ. ಹಾಗೇ ಇಂಜಿನ್ ಒರಗುವ ಬ್ರಾಕೆಟ್ಟಿನಲ್ಲಿ ಉದ್ದ ಪಿನ್ ಯಾವ ತೂತಿನಲ್ಲಿ ಉಂಟು ನೋಡಿ ಹೇಳಿ. ಒಂದು ಫೋಟೋ ಹಾಕಿ ಮಾರಾಯ್ರೆ, ಅರ್ಧ ಮಾತು ಉಳಿಯುತ್ತದೆ.

ಪಡುಕೆರೆ ದೋಣಿ

ಮೆಕ್ಯಾನಿಕ್ ಅಣ್ಣ ಹೇಳಿದ್ದು ಸರಿ. ನಾನು 25 ಎಚ್‌ಪಿಯ ವಿಷಯ ಮಾತ್ರ ಹೇಳುತ್ತೇನೆ. ಗಾಳದವರು ಇಂಜಿನ್ ದೊಡ್ಡದು ಮಾಡುವ ಮೊದಲು ಇಂಜಿನ್ ಕಟ್ಟುವ ಹಿಂಬದಿ ಹಲಗೆ ನೋಡಬೇಕು. ಭಾರ ಹತ್ತಾರು ಕೆಜಿ ಜಾಸ್ತಿ ಆಗುತ್ತದೆ, ಅದೂ ಈಗಾಗಲೇ ಕುಸಿದು ಕೂತಿರುವ ಹಿಂಬದಿಯ ಮೇಲೆಯೇ. 15ಕ್ಕೆಂದು ಮಾಡಿದ ಹಿಂಬದಿ ಹಲಗೆಗೆ 25 ಕಟ್ಟಿ, ಫೈಬರ್ ಬಿರುಕು ಬಿಟ್ಟು, ಒಳಗಿನ ಪ್ಲೈವುಡ್ ಕೊಳೆತು ಹೋದ ದೋಣಿಗಳು ನಮ್ಮ ಕಡೆ ಉಂಟು.

ಮಳೆಗಾಲದ ಲೆಕ್ಕವನ್ನೂ ಮರೆಯಬೇಡಿ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧದಲ್ಲಿ 10 ಎಚ್‌ಪಿ ತನಕದ ನಾಡದೋಣಿಗೆ ಮಾತ್ರ ವಿನಾಯಿತಿ. ನಮ್ಮಲ್ಲಿ 9.9ರ ಇಂಜಿನ್ನಿಗೆ ಬೆಲೆ ಇರುವುದು ಅದಕ್ಕೂ ಹೌದು. ನಿಮ್ಮ 15 ಹೇಗೂ ಆ ಎರಡು ತಿಂಗಳು ಶೆಡ್ಡಿನಲ್ಲೇ, 25 ತಂದರೂ ಶೆಡ್ಡಿನಲ್ಲೇ.

ಇನ್ನು ನನ್ನದೇ ಒಂದು ಪ್ರಶ್ನೆ, ಇಲ್ಲೇ ಕೇಳಿಬಿಡುತ್ತೇನೆ. ನಮ್ಮದು 28 ಅಡಿಯ ಉದ್ದ ದೋಣಿ, ತಳ ದುಂಡಗೆ, ಬಲೆ ತುಂಬಿರುತ್ತದೆ. ಇದಕ್ಕೂ ಈ ಎತ್ತರ, ಪಿನ್, ಪಿಚ್ ಎಲ್ಲಾ ನೋಡಿದರೆ ಸ್ಪೀಡ್ ಬರುತ್ತದಾ? ಭಾವನವರು ಇಂಜಿನ್ ದೊಡ್ಡದು ಮಾಡಿದರು, ಹಿಂದೆ ಏಳುವ ತೆರೆ ಮಾತ್ರ ದೊಡ್ಡದಾಯಿತು.

ಬೆಂಗ್ರೆಗಾಳ

ಎಲ್ಲಾ ಅಳೆದು ಬಂದೆ. ಥ್ರಾಟಲ್ ಪೂರ್ತಿ ತೆರೆಯುತ್ತದೆ, ಪ್ಲಗ್ ಎರಡೂ ಕಂದು. ಹೊಳೆಯಲ್ಲಿ ನೀರು ನಿಂತ ಹಾಗೆ ಇರುವ ಹೊತ್ತು ನೋಡಿ, ಹಂಗಾರಕಟ್ಟೆ ಕಡೆಗೆ ಒಂದು ಸಲ, ವಾಪಸ್ ಒಂದು ಸಲ ಓಡಿಸಿ ಸರಾಸರಿ ಹಿಡಿದೆ.

ಒಬ್ಬನೇ: 5100 ಆರ್‌ಪಿಎಂ, 31 ಕಿಮೀ.
ಮೂರು ಜನ, ಸಾಮಾನು: 4300 ಆರ್‌ಪಿಎಂ, 16 ಕಿಮೀ.

ಕ್ಯಾವಿಟೇಶನ್ ಪ್ಲೇಟು ತಳಕ್ಕಿಂತ ಹತ್ತಿರ ಹತ್ತಿರ ಮೂರು ಇಂಚು ಕೆಳಗೆ ಉಂಟು. ಹಿಂಬದಿ ಹಲಗೆಯ ಎತ್ತರ 17 ಇಂಚು. ಪಿನ್ ಎಲ್ಲಕ್ಕಿಂತ ಹೊರಗಿನ ತೂತಿನಲ್ಲಿ ಉಂಟು, ನಾನು ಅದನ್ನು ಮುಟ್ಟಿಯೇ ಇಲ್ಲ, ಹಿಂದಿನವರು ಹಾಕಿದ ಹಾಗೇ ಉಂಟು. ಟ್ಯಾಂಕ್ ನನ್ನ ಕಾಲ ಬುಡದಲ್ಲಿ, ಹಿಂದೆ. ಫೋಟೋ ಸಂಜೆ ಹಾಕುತ್ತೇನೆ.

ಸುರತ್ಕಲ್ ರಾಯರು

ಒಳ್ಳೆಯ ಅಂಕಿ ಕೊಟ್ಟಿದ್ದೀರಿ, ಇದನ್ನು ಸ್ವಲ್ಪ ಲೆಕ್ಕಕ್ಕೆ ಹಾಕುವ. ನಿಮ್ಮ ಇಂಜಿನ್ನಿನ ಗೇರ್ ಅನುಪಾತ 2.08, ಅಂದರೆ ಇಂಜಿನ್ ಎರಡು ಸುತ್ತು ಹಾಕಿ ಚೂರು ಜಾಸ್ತಿ ತಿರುಗಿದರೆ ಫ್ಯಾನ್ ಒಂದು ಸುತ್ತು. 10½ ಪಿಚ್ ಎಂದರೆ ಫ್ಯಾನ್ ಒಂದು ಸುತ್ತಿಗೆ, ನೀರು ಜಾರದೇ ಇದ್ದರೆ, ಹತ್ತೂವರೆ ಇಂಚು ಮುಂದೆ ಹೋಗಬೇಕು. ಆರ್‌ಪಿಎಂ ಅನ್ನು 2.08ರಿಂದ ಭಾಗಿಸಿ, ಪಿಚ್‌ನಿಂದ ಗುಣಿಸಿ, 0.001524ರಿಂದ ಮತ್ತೆ ಗುಣಿಸಿದರೆ ಗಂಟೆಗೆ ಎಷ್ಟು ಕಿಮೀ ಎಂದು ಸಿಗುತ್ತದೆ.

ಒಬ್ಬರೇ ಇದ್ದಾಗ 5100ಕ್ಕೆ 39 ಕಿಮೀ ಬರಬೇಕಿತ್ತು, ಬಂದದ್ದು 31. ನೂರಕ್ಕೆ 20 ಜಾರಿದೆ. ಇಂಥ ಹಗುರ ದೋಣಿಗೆ 10ರಿಂದ 20 ಎಂದರೆ ಮಾಮೂಲಿ, ನಿಮ್ಮದು ಆ ಗೆರೆಯ ತುದಿಯಲ್ಲಿ ಉಂಟು. ಮೂರು ಜನ ಇದ್ದಾಗ 4300ಕ್ಕೆ 33 ಬರಬೇಕು, ಬಂದದ್ದು 16. ಅರ್ಧಕ್ಕಿಂತ ಜಾಸ್ತಿ ಹೋಯಿತು! ಇದನ್ನು ನೋಡಿ ಫ್ಯಾನ್ ಹಾಳಾಗಿದೆ ಎಂದುಕೊಳ್ಳಬೇಡಿ. ದೋಣಿ ತಾನೇ ಎಬ್ಬಿಸಿದ ತೆರೆಯನ್ನು ಹತ್ತಲಾಗದೆ ಅದರ ಹಿಂದೆ ಸಿಕ್ಕಿಕೊಂಡಿದೆ, ಅಷ್ಟೇ.

ಪಡುಕೆರೆಯವರ ಪ್ರಶ್ನೆಗೂ ಉತ್ತರ ಇಲ್ಲೇ ಉಂಟು. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಒಂದು ಮಿತಿ ಇರುತ್ತದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ಸುಮಾರಾಗಿ ಆ ಮಿತಿ ಸಿಗುತ್ತದೆ. ನಿಮ್ಮ 28 ಅಡಿಯಲ್ಲಿ 25 ಅಡಿ ನೀರಿಗೆ ತಾಗುತ್ತದೆ ಎಂದಿಟ್ಟುಕೊಂಡರೆ 6.7 ನಾಟ್, ಗಂಟೆಗೆ ಹನ್ನೆರಡು ಕಿಮೀ ಚಿಲ್ಲರೆ. ತಳ ದುಂಡಗಿದ್ದು ಬಲೆಯೂ ತುಂಬಿದ್ದರೆ ಇದನ್ನು ದಾಟಲು ಇಂಜಿನ್ ಎಷ್ಟು ದೊಡ್ಡದು ಮಾಡಿದರೂ ಖರ್ಚು ಮಾತ್ರ ಏರುವುದು. ನಿಮ್ಮ ಭಾವನವರು ಕಂಡದ್ದು ಇದನ್ನೇ. ಅಂಥ ದೋಣಿಗೆ ಸ್ಪೀಡ್ ಹುಡುಕುವುದನ್ನು ಬಿಟ್ಟು ಎಳೆತ ಹುಡುಕಿ. ಅಗಲ ಜಾಸ್ತಿ, ಪಿಚ್ ಕಡಿಮೆ ಇರುವ ಫ್ಯಾನ್ ಹಾಕಿದರೆ ಅದೇ ಹತ್ತು ಹನ್ನೆರಡು ಕಿಮೀ ವೇಗಕ್ಕೆ ಇಂಧನ ಕಡಿಮೆ ಸಾಕಾಗಬಹುದು.

ಬೆಂಗ್ರೆಯವರ ದೋಣಿಗೆ ಆ ಮಿತಿ ಸುಮಾರು ಒಂಬತ್ತು ಕಿಮೀ. 16ರಲ್ಲಿ ನೀವು ಅದನ್ನು ದಾಟಿಯಾಗಿದೆ, ಆದರೆ ಮೇಲೆ ಎದ್ದಿಲ್ಲ. ಪೆಟ್ರೋಲಿನ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಒಂದೋ ಮೇಲೇಳಿ, ಇಲ್ಲವೋ ಥ್ರಾಟಲ್ ಇಳಿಸಿ ಒಂಬತ್ತರಲ್ಲಿ ಆರಾಮಾಗಿ ಹೋಗಿ.

ಮಲ್ಪೆ ಮೆಕ್ಯಾನಿಕ್

ರಾಯರೇ, ಲೆಕ್ಕ ಚೆನ್ನಾಗಿ ಬಿಡಿಸಿದಿರಿ. ನಾವು ಕೈಯಲ್ಲೇ ಅಂದಾಜು ಮಾಡುವುದು.

ಬೆಂಗ್ರೆಯವರೇ, ನಿಮ್ಮ ರೋಗ ಗೊತ್ತಾಯಿತು, ಒಂದಲ್ಲ ಮೂರು. ಶಾರ್ಟ್ ಶಾಫ್ಟಿಗೆ ಹಲಗೆ 15 ಇಂಚು ಬೇಕು, ಲಾಂಗಿಗೆ 20. ನಿಮ್ಮ ದೋಣಿ ಕಟ್ಟಿದವರು 17 ಇಟ್ಟಿದ್ದಾರೆ, ಅದು ಅತ್ತಲೂ ಅಲ್ಲ ಇತ್ತಲೂ ಅಲ್ಲ. ಹಾಗಾಗಿ ಲಾಂಗ್ ಶಾಫ್ಟ್ ಮೂರು ಇಂಚು ಜಾಸ್ತಿ ಮುಳುಗಿದೆ. ಅಷ್ಟು ಲೋಹವನ್ನು ಸುಮ್ಮನೆ ನೀರಲ್ಲಿ ಎಳೆದುಕೊಂಡು ಹೋಗುತ್ತಿದ್ದೀರಿ. ಓಡುವಾಗ ಶಾಫ್ಟಿನ ಮೇಲೆ ನೀರು ಹತ್ತಿ ಹಿಡಿ ಹಿಡಿದ ಕೈಗೆ ಚಿಮ್ಮುತ್ತದೆ ಅಲ್ವಾ?

ಎರಡನೆಯದು ಪಿನ್. ಎಲ್ಲಕ್ಕಿಂತ ಹೊರಗಿನ ತೂತಿನಲ್ಲಿ ಇದ್ದರೆ ಫ್ಯಾನ್ ದೋಣಿಯಿಂದ ಆಚೆಗೆ ಎತ್ತಿಕೊಂಡು ನಿಲ್ಲುತ್ತದೆ, ತಳ್ಳುವ ಬಲ ಹಿಂಬದಿಯನ್ನು ಕೆಳಗೆ ಒತ್ತುತ್ತದೆ, ಮೂತಿ ಏಳುತ್ತದೆ. ಒಬ್ಬರೇ ಇದ್ದಾಗ ಇದರಿಂದ ಸ್ಪೀಡ್ ಬರುತ್ತದೆ, ಹಿಂದಿನ ಮಾಲೀಕರು ಬಹುಶಃ ಒಬ್ಬರೇ ಹೋಗುತ್ತಿದ್ದರು. ಭಾರ ಇದ್ದಾಗ ಉಲ್ಟಾ. ತಿರುವಿನಲ್ಲಿ ಕಿರುಚುವುದೂ ಇದರಿಂದಲೇ ಇರಬೇಕು. ಫ್ಯಾನ್ ಹೊರಗೆ ಎತ್ತಿಕೊಂಡಿದ್ದರೆ ದೋಣಿ ಓರೆಯಾದ ಕೂಡಲೇ ಮೇಲಿನಿಂದ ಗಾಳಿ ಎಳೆದುಕೊಳ್ಳುತ್ತದೆ, ಗಾಳಿ ಹೊಕ್ಕ ಮೇಲೆ ಫ್ಯಾನಿಗೆ ಹಿಡಿಯಲು ನೀರಿಲ್ಲ. ಆದರೂ ಒಂದು ಪರೀಕ್ಷೆ ಮಾಡಿ. ಫ್ಯಾನಿನ ನಡುವೆ ರಬ್ಬರ್ ಬುಶ್ ಇರುತ್ತದೆ, ಅದು ಜಾರುತ್ತಿದ್ದರೂ ಇಂಜಿನ್ ಕಿರುಚುತ್ತದೆ, ದೋಣಿ ಹೋಗುವುದಿಲ್ಲ. ಒಳಗಿನ ಹಿತ್ತಾಳೆ ಭಾಗದಿಂದ ಹೊರಗಿನ ಅಲ್ಯೂಮಿನಿಯಂ ತನಕ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಓಡಿಸಿ ಬಂದ ಮೇಲೆ ಗೆರೆ ಮುರಿದಿದ್ದರೆ ಬುಶ್ ಹೋಗಿದೆ. ಬುಶ್ ಹೋದದ್ದು ನೇರ ಹೋಗುವಾಗ ಜೋರು ಥ್ರಾಟಲ್ ಕೊಟ್ಟರೂ ಗೊತ್ತಾಗುತ್ತದೆ, ಗಾಳಿ ಎಳೆಯುವುದು ಹೆಚ್ಚಾಗಿ ತಿರುವಿನಲ್ಲಿ, ತೆರೆಯಲ್ಲಿ.

ಮೂರನೆಯದು ಪಿಚ್. ಭಾರದಲ್ಲಿ 4300 ಎಂದರೆ ಕಡಿಮೆಯೇ. ಆದರೆ ಫ್ಯಾನ್ ಕೊನೆಗೆ. ಎತ್ತರ, ಪಿನ್ ಸರಿ ಮಾಡಿದರೆ ಆರ್‌ಪಿಎಂ ತಾನೇ ಸ್ವಲ್ಪ ಏರುತ್ತದೆ, ಎಷ್ಟು ಏರಿತು ಎಂದು ನೋಡಿ ಆಮೇಲೆ ಪಿಚ್. ಒಂದು ಇಂಚು ಪಿಚ್ ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ ಎಂದು ಇಟ್ಟುಕೊಳ್ಳಿ. ಎಲ್ಲಾ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಲೆಬುಡ ಗೊತ್ತಾಗುವುದಿಲ್ಲ.

ಎತ್ತರಕ್ಕೆ ದಪ್ಪ ಅಲ್ಯೂಮಿನಿಯಂ ಪಟ್ಟಿ ಅಥವಾ ಗಟ್ಟಿ ಮರದ ತುಂಡನ್ನು ಹಲಗೆಯ ನೆತ್ತಿಗೆ ಇಟ್ಟು, ಅದರ ಮೇಲೆ ಇಂಜಿನ್ ಕೂರಿಸಿ. ಎರಡು ಇಂಚು ಏರಿಸಿ ಸಾಕು, ಮೂರೂ ಬೇಡ. ಹೊಳೆಯಲ್ಲೇ ಓಡಿಸುವವರಾದರೆ ಪ್ಲೇಟು ತಳದ ಮಟ್ಟಕ್ಕೆ ಬಂದರೂ ನಡೆಯುತ್ತದೆ, ನೀವು ಅಳಿವೆ ದಾಟುವವರು, ತೆರೆಯಲ್ಲಿ ಫ್ಯಾನ್ ಮೇಲೆ ಬರಬಾರದು. ಕ್ಲಾಂಪಿನ ತಿರುಪು ಹಲಗೆಯನ್ನೇ ಗಟ್ಟಿಯಾಗಿ ಹಿಡಿದಿರಬೇಕು, ಬರೀ ತುಂಡನ್ನು ಹಿಡಿದರೆ ಸಾಲದು. ಕೆಳಗೆ ಹಲಗೆಯನ್ನು ತೂರಿ ಆಚೆ ಬರುವ ಬೋಲ್ಟ್ ಹಾಕಿ, ತೂತಿಗೆ ಸೀಲಂಟ್ ತುಂಬಿ, ಇಲ್ಲದಿದ್ದರೆ ಪಡುಕೆರೆಯವರು ಹೇಳಿದ ಕೊಳೆತ ಪ್ಲೈವುಡ್ಡಿನ ಕಥೆ ನಿಮ್ಮದೂ ಆಗುತ್ತದೆ. ಇಂಜಿನ್ನಿಗೂ ದೋಣಿಗೂ ಒಂದು ಸರಪಳಿ ಕಟ್ಟಿ. ಏರಿಸಿದ ಮೇಲೆ ಮೊದಲ ಓಟದಲ್ಲಿ ಇಂಜಿನ್ ತಣಿಸಿ ಹಿಂದೆ ಉಚ್ಚೆ ಹೊಯ್ದ ಹಾಗೆ ಬರುವ ನೀರಿನ ಮೇಲೆ ಕಣ್ಣಿಡಿ, ಫುಲ್ ಥ್ರಾಟಲ್‌ನಲ್ಲೂ ತಿರುವಿನಲ್ಲೂ ಅದು ನಿಲ್ಲಬಾರದು. ಕಿಲ್ ಸ್ವಿಚ್ಚಿನ ದಾರ (ಎಳೆದರೆ ಇಂಜಿನ್ ನಿಲ್ಲುವಂಥದ್ದು) ಕೈಗೆ ಕಟ್ಟಿಕೊಳ್ಳದೆ ಈ ಪರೀಕ್ಷೆಗೆ ಹೋಗಬೇಡಿ ಆಯ್ತಾ.

ಇನ್ನೊಂದು ನೆನಪಾಯಿತು, ದೋಣಿಯ ತಳದ ನಡುವೆ ಉದ್ದಕ್ಕೆ ಒಂದು ಏಣು ಇದ್ದರೆ ಅದು ಹಲಗೆಯ ತನಕ ಚೌಕವಾಗಿ ಬಂದು ನಿಂತಿದೆಯಾ ನೋಡಿ. ಹಾಗಿದ್ದರೆ ಅದರ ಹಿಂದೆ ನೀರು ಕಲಕಿ ಗುಳ್ಳೆ ಎದ್ದು ನೇರ ಫ್ಯಾನಿಗೆ ಹೋಗುತ್ತದೆ. ಕೊನೆಯ ಒಂದೆರಡು ಅಡಿ ಓರೆಯಾಗಿ ಇಳಿಸಿಕೊಂಡು ಬರಬೇಕು, ಫೈಬರ್ ಕೆಲಸ ಗೊತ್ತಿರುವವರ ಹತ್ತಿರವೇ ಮಾಡಿಸಿ.

ಉಳ್ಳಾಲ ಬೀಡುಬಲೆ

ಇಂಜಿನ್ ಮೇಲೆಯೇ ಇಷ್ಟು ಮಾತಾಯಿತು, ದೋಣಿಯ ತಳ ಯಾರೂ ಕೇಳಲಿಲ್ಲ. ನೇತ್ರಾವತಿಯಲ್ಲಿ ಕಟ್ಟಿಟ್ಟ ನಮ್ಮ ದೋಣಿ ಬೇಸಿಗೆಯಲ್ಲಿ, ನೀರು ಉಪ್ಪಾದ ಮೇಲೆ, ಕೆಲವೇ ವಾರದಲ್ಲಿ ಚಿಪ್ಪು ಹತ್ತಿ ಒರಟಾಗುತ್ತದೆ. ಕೆರೆದು ತೆಗೆದ ದಿನ ಅದೇ ಥ್ರಾಟಲ್‌ಗೆ ಹೋಗುವ ಸ್ಪೀಡೇ ಬೇರೆ. ನಿಮ್ಮದು ದಡಕ್ಕೆ ಎಳೆದು ಇಡುವ ದೋಣಿಯಾದರೆ ಈ ಮಾತು ಬಿಡಿ. ಫ್ಯಾನಿನ ಮೇಲೂ ನೋಡಿ, ಅಂಚು ಮರಳಿಗೆ ತಾಗಿ ಸವೆದು ಹಲ್ಲು ಹಲ್ಲಾಗಿದ್ದರೆ ಪಿಚ್ ಲೆಕ್ಕಕ್ಕೆ ಅರ್ಥವೇ ಇಲ್ಲ.

ಸೆಕೆಂಡ್ ಹ್ಯಾಂಡ್ ಫೈಬರ್ ಎಂದಿರಿ. ಡೆಕ್ ಕೆಳಗೆ ಫೋಮ್ ತುಂಬಿದ್ದರೆ ಅದು ನೀರು ಕುಡಿದಿರಬಹುದು, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಯಾವುದಾದರೂ ವೇಬ್ರಿಡ್ಜಿನಲ್ಲಿ ತೂಕ ಮಾಡಿಸಿ, ಅಷ್ಟೇ ಉದ್ದದ ಬೇರೆ ದೋಣಿಗೆ ಹೋಲಿಸಿ ನೋಡಿ. ಒಳಗೆ ಒಬ್ಬ ಮನುಷ್ಯನಷ್ಟು ನೀರು ಹೊತ್ತುಕೊಂಡು ತಿರುಗುವ ದೋಣಿಗೆ ಯಾವ ಫ್ಯಾನೂ ಸಾಲದು.

ಟ್ಯಾಂಕನ್ನು ಮುಂದೆ ಇಡಿ. ಉದ್ದದ ಪೈಪ್ ಹಾಕಿದರೆ ಆಯ್ತು. ಐಸ್ ಪೆಟ್ಟಿಗೆಯೂ ಮುಂದೆ. ಇದಕ್ಕೆ ದುಡ್ಡೇ ಬೇಡ, ಎಲ್ಲಕ್ಕಿಂತ ಮೊದಲು ಇದನ್ನೇ ಮಾಡಬಹುದಿತ್ತು.

ಪೆಟ್ರೋಲಿನ ಮೇಲೂ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಎಥನಾಲ್ ಬೆರೆಸಿದ್ದು. ಅದರಲ್ಲಿ ಇರುವ ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಕರಾವಳಿಯಲ್ಲಿ ತೇವಕ್ಕೆ ಏನು ಬರ. ಜಾಸ್ತಿ ನೀರು ಸೇರಿದರೆ ಎಥನಾಲೂ ನೀರೂ ಒಟ್ಟಾಗಿ ಟ್ಯಾಂಕಿನ ತಳಕ್ಕೆ ಕೂರುತ್ತವೆ. ನಾವು ಬೆರೆಸಿದ ಟೂ ಸ್ಟ್ರೋಕ್ ಎಣ್ಣೆ ಪೆಟ್ರೋಲಿನ ಜೊತೆ ಮೇಲೆಯೇ ಉಳಿಯುತ್ತದೆ, ಟೂ ಸ್ಟ್ರೋಕ್ ಇಂಜಿನ್ ಕೆಳಗಿನದನ್ನು ಎಳೆದರೆ ಎಣ್ಣೆ ಇಲ್ಲದ ನೀರು ಕುಡಿದ ಹಾಗೆ. ನೀರು ಬೇರ್ಪಡಿಸುವ ಫಿಲ್ಟರ್ ಒಂದು ಹಾಕಿ, ವಾರಗಟ್ಟಲೆ ನಿಲ್ಲಿಸುವುದಾದರೆ ಪೈಪ್ ಕಳಚಿ ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಕಾರ್ಬುರೇಟರ್ ಖಾಲಿ ಮಾಡಿ. ಎಣ್ಣೆ 50ಕ್ಕೆ 1, ಲೀಟರಿಗೆ 20 ಎಂಎಲ್, ಔಟ್‌ಬೋರ್ಡಿನದ್ದೇ ಟಿಸಿ-ಡಬ್ಲ್ಯೂ3 ಹಾಕಿ. ಸ್ಕೂಟರಿನ ಎಣ್ಣೆ ಹಾಕುವವರನ್ನು ನೋಡಿದ್ದೇನೆ, ಬೇಡ.

ಪಡುಕೆರೆ ದೋಣಿ

ರಾಯರೇ, ಅರ್ಥ ಆಯಿತು. ಭಾವನವರಿಗೆ ತೋರಿಸುತ್ತೇನೆ, ಬೈಗಳು ತಿನ್ನಲಿಕ್ಕೆ ಉಂಟು.

ಸೀಮೆಎಣ್ಣೆಯ ಇಂಜಿನ್ನಿಗೆ ಫ್ಯಾನ್ ಲೆಕ್ಕ ಬೇರೆಯಾ?

ಮಲ್ಪೆ ಮೆಕ್ಯಾನಿಕ್

ಲೆಕ್ಕ ಅದೇ, ಆದರೆ ಸೀಮೆಎಣ್ಣೆಯಲ್ಲಿ ಅಷ್ಟೇ ಗಾತ್ರದ ಇಂಜಿನ್ನಿಗೆ ಪೆಟ್ರೋಲಿನಷ್ಟು ಶಕ್ತಿ ಬರುವುದಿಲ್ಲ, ಹಾಗಾಗಿ ಫ್ಯಾನಿನ ಪಿಚ್ ಇನ್ನೂ ಕಡಿಮೆ ಬೇಕು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿ ಆದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದನ್ನು ಎಲ್ಲರೂ ಮಾಡುತ್ತಾರೆ. ದಡಕ್ಕೆ ಬರುವ ಮೊದಲು ವಾಪಸ್ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸಿ ನಿಲ್ಲಿಸುವುದನ್ನು ಅರ್ಧ ಜನ ಬಿಡುತ್ತಾರೆ, ಮರುದಿನ ಸ್ಟಾರ್ಟ್ ಆಗುವುದಿಲ್ಲ ಎಂದು ಫೋನ್ ಮಾಡುತ್ತಾರೆ. ಪ್ಲಗ್ಗೂ ಬೇಗ ಕಪ್ಪಾಗುತ್ತದೆ, ಒಂದು ಜೊತೆ ದೋಣಿಯಲ್ಲೇ ಇರಲಿ.

ಬೆಂಗ್ರೆಗಾಳ

ಅಪ್‌ಡೇಟ್ ಹಾಕುತ್ತಿದ್ದೇನೆ. ನೀವೆಲ್ಲಾ ಹೇಳಿದ್ದನ್ನು ಒಂದೊಂದೇ ಮಾಡಿದೆ.

ಟ್ಯಾಂಕೂ ಐಸ್ ಪೆಟ್ಟಿಗೆಯೂ ಮುಂದೆ ಹೋದವು. ಮೂತಿ ಸ್ವಲ್ಪ ಇಳಿಯಿತು, ಆರ್‌ಪಿಎಂ ಹೆಚ್ಚುಕಡಿಮೆ ಅಷ್ಟೇ. ಆಮೇಲೆ ಎರಡು ಇಂಚಿನ ಅಲ್ಯೂಮಿನಿಯಂ ತುಂಡು ಇಟ್ಟು ಇಂಜಿನ್ ಏರಿಸಿದೆವು. ಕೈಗೆ ಚಿಮ್ಮುವ ನೀರು ನಿಂತೇ ಹೋಯಿತು, ಅದೇ ಒಂದು ಖುಷಿ. ಪಿನ್ ಎರಡು ತೂತು ಒಳಗೆ ಬಂತು. ಇಷ್ಟರಲ್ಲಿ ಮೂರು ಜನ ಕೂತು 4500, ಸ್ಪೀಡ್ 19. ಒಬ್ಬರು ಎದ್ದು ಮೂತಿಗೆ ಹೋಗಿ ಕೂತರೆ ದೋಣಿ ಮೇಲೇಳಲಿಕ್ಕೆ ನೋಡುತ್ತದೆ, ಆದರೆ ಪೂರ್ತಿ ಏಳುವುದಿಲ್ಲ. ತಿರುವಿನಲ್ಲಿ ಕಿರುಚುವುದು ನಿಂತಿದೆ. ಪೇಂಟಿನ ಗೆರೆ ಮುರಿದಿಲ್ಲ, ಅಂದರೆ ಬುಶ್ ಚೆನ್ನಾಗಿದೆ.

ಆಮೇಲೆ ಪರಿಚಯದವರ ಹತ್ತಿರ ಇದ್ದ 9 ಪಿಚ್‌ನ ಫ್ಯಾನ್ ತಂದು ಹಾಕಿದೆ. ಅಬ್ಬಾ! ಮೂರು ಜನ, ಸಾಮಾನು, 5100 ಆರ್‌ಪಿಎಂ, 26 ಕಿಮೀ. ಥ್ರಾಟಲ್ ಕೊಟ್ಟ ಕೂಡಲೇ ಏಳುತ್ತದೆ. ಒಬ್ಬನೇ ಹೋದಾಗ 5400, ಸ್ಪೀಡ್ 30, ಮೊದಲಿಗಿಂತ ಒಂದು ಕಿಮೀ ಕಡಿಮೆ. ಅದು ನನಗೆ ಬೇಡ ಬಿಡಿ.

ಒಂದೇ ಸಂಶಯ. ಒಬ್ಬನೇ ಇದ್ದಾಗ 5400 ಎಂದರೆ ಮಿತಿಯ ಹತ್ತಿರ ಹತ್ತಿರ ಆಯ್ತಲ್ವಾ, ಏನೂ ತೊಂದರೆ ಇಲ್ಲವಾ? ಪಿನ್ ಇನ್ನೂ ಒಂದು ತೂತು ಒಳಗೆ ಹಾಕಿದರೆ ಇನ್ನೂ ಬೇಗ ಏಳುತ್ತದಾ?

ಮಲ್ಪೆ ಮೆಕ್ಯಾನಿಕ್

5500 ದಾಟದಿದ್ದರೆ ತೊಂದರೆ ಇಲ್ಲ. ಇಂಜಿನ್ನಿಗೆ ಭಾರದಲ್ಲಿ ಏದುಸಿರು ಬಿಡುವುದಕ್ಕಿಂತ ಇದು ಎಷ್ಟೋ ವಾಸಿ. ಒಬ್ಬರೇ ಇದ್ದಾಗ ಹಿಡಿಯನ್ನು ಚೂರು ಹಿಂದೆ ತಿರುಗಿಸಿ, ಮುಗಿಯಿತು. ಹೊಸ ಫ್ಯಾನ್ ತೆಗೆದುಕೊಳ್ಳುವಾಗ ಅಲ್ಯೂಮಿನಿಯಮ್ಮಿನದ್ದೇ ತೆಗೆದುಕೊಳ್ಳಿ, ಸ್ಟೀಲಿನ ಆಸೆ ಬೇಡ. ನಿಮ್ಮ ಕಡೆ ಅಳಿವೆಯ ಮರಳು ಒಂದು ಮಳೆಗಾಲದಿಂದ ಇನ್ನೊಂದಕ್ಕೆ ಜಾಗ ಬದಲಿಸುತ್ತದೆ. ತಾಗಿದರೆ ಅಲ್ಯೂಮಿನಿಯಂ ಫ್ಯಾನ್ ತಾನು ಬಗ್ಗಿ ಗೇರನ್ನು ಉಳಿಸುತ್ತದೆ, ಸ್ಟೀಲ್ ತಾನು ಉಳಿದು ಗೇರಿಗೆ ಕೊಡುತ್ತದೆ.

ಪಡುಕೆರೆ ದೋಣಿ

ಪಿನ್ ಇನ್ನೂ ಒಳಗೆ ಹಾಕಬೇಡಿ ಮಾರಾಯ್ರೆ! ಹೊಳೆಯಲ್ಲಿ ಚಂದ ಓಡುತ್ತದೆ, ನಿಜ. ಅಳಿವೆ ಬಾಗಿಲಲ್ಲಿ ತೆರೆ ಹಿಂದಿನಿಂದ ಬರುವಾಗ ಮೂತಿ ಕೆಳಗಿದ್ದರೆ ಅದು ಮುಂದಿನ ತೆರೆಗೆ ಹೊಕ್ಕು ಸಿಕ್ಕಿಕೊಳ್ಳುತ್ತದೆ, ಹಿಂಬದಿಯನ್ನು ತೆರೆ ಎತ್ತಿ ಪಕ್ಕಕ್ಕೆ ಎಸೆಯುತ್ತದೆ, ದೋಣಿ ಅಡ್ಡ ಬೀಳುತ್ತದೆ. ಆಗ ಹಿಡಿ ಎಷ್ಟು ತಿರುಗಿಸಿದರೂ ಕೇಳುವುದಿಲ್ಲ. ಹೊರಗೆ ಹೋಗುವ ದಿನ ಪಿನ್ ಒಂದು ತೂತು ಹೊರಗೇ ಇರಲಿ. ವಾಪಸ್ ಬರುವಾಗ ಮುಂದೆ ಕೂತವರನ್ನೂ ಸ್ವಲ್ಪ ನಡುವಿಗೆ ಕರೆಯಿರಿ, ತೆರೆಯ ಬೆನ್ನ ಮೇಲೆ ಅದರದ್ದೇ ವೇಗದಲ್ಲಿ ಬನ್ನಿ, ಅದನ್ನು ದಾಟಿ ಮುಂದೆ ಹಾರಬೇಡಿ. ಇಳಿತದ ನೀರು ಜೋರಾಗಿ ಹೊರಗೆ ಹೋಗುತ್ತಿರುವ ಹೊತ್ತಿಗೆ ಅಲ್ಲಿ ತೆರೆ ಎದ್ದು ನಿಲ್ಲುತ್ತದೆ, ಆಗ ಒಳಗೆ ಬರಲಿಕ್ಕೇ ಹೋಗಬೇಡಿ, ಹೊರಗೇ ಕಾಯಿರಿ.

ಉಳ್ಳಾಲ ಬೀಡುಬಲೆ

ಆ ಹತ್ತೂವರೆ ಪಿಚ್‌ನ ಹಳೆ ಫ್ಯಾನ್ ಮಾರುವುದಾದರೆ ಹೇಳಿ, ನಮ್ಮ ಹುಡುಗನದ್ದು ಅದೇ ಇಂಜಿನ್, ಅವನು ಒಬ್ಬನೇ ಹೋಗುವವನು.

ಬೆಂಗ್ರೆಗಾಳ

ಪಿನ್ ಒಂದು ತೂತು ಹೊರಗೆ ಹಾಕಿದೆ ಅಣ್ಣ, ಹೊಳೆಯಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾಗಲಿಲ್ಲ.

ಫ್ಯಾನ್ ಕೊಡುವ ಬಗ್ಗೆ ನೋಡುವ. ಮೊದಲು ಹೊಸ 9 ಪಿಚ್ ಬರಲಿ, ಈಗ ಹಾಕಿರುವುದು ಸಾಲ ತಂದದ್ದು.

ಮಲ್ಪೆ ಮೆಕ್ಯಾನಿಕ್

ಮಾರಬೇಡಿ. ದೋಣಿಯಲ್ಲಿ ಸ್ಪೇರ್ ಇಟ್ಟುಕೊಳ್ಳಿ, ಜೊತೆಗೆ ಸ್ಪ್ಲಿಟ್ ಪಿನ್ನು ನಾಲ್ಕು, ವಾಶರ್, ನಟ್ಟಿಗೆ ಸರಿ ಹೊಂದುವ ಸ್ಪ್ಯಾನರ್. ಉಳ್ಳಾಲದವರ ಹುಡುಗನನ್ನು ನನ್ನ ಹತ್ತಿರ ಕಳಿಸಿ, ಹಳೆ ಫ್ಯಾನ್ ಒಂದೆರಡು ಬಿದ್ದಿದೆ. ಆರ್‌ಪಿಎಂ ನೋಡಿಕೊಂಡು ಬರಲು ಹೇಳಿ.